ಗರಸು ನೆಲದಲ್ಲಿ ರಾಗಿಯೋ, ಮಾವೋ, ಶ್ರೀಗಂಧವೋ? ಬೆಂಗಳೂರು ಸುತ್ತಲಿನ ಜಮೀನಿಗೆ ಒಂದು ಹೋಲಿಕೆ

ಬೆಂಗಳೂರಿನ ಸುತ್ತಮುತ್ತ ಜಮೀನು ಹುಡುಕಿದರೆ ಕೊನೆಗೆ ಹೆಚ್ಚಿನವರ ಕೈಗೆ ಸಿಗುವುದು ಗರಸು ನೆಲ, ಅಂದರೆ ಸಣ್ಣ ಕಲ್ಲಿನ ಚೂರು ಬೆರೆತ ಮಣ್ಣು. ಕೆರೆ ಕೆಳಗಿನ ಗದ್ದೆಯಾಗಲಿ, ಹಳೇ ತೆಂಗಿನ ತೋಟವಾಗಲಿ ಮಾರಾಟಕ್ಕೆ ಬರುವುದೇ ಅಪರೂಪ. ಬರುವುದು ದಿಣ್ಣೆ ಮೇಲಿನ ಖುಷ್ಕಿ, ಅಂದರೆ ಮಳೆಯನ್ನೇ ನಂಬಿದ ಹೊಲ. ನಡೆದರೆ ಚಪ್ಪಲಿ ಕೆಳಗೆ ಚರಚರ ಸದ್ದು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಮಾಗಡಿ, ಕನಕಪುರ, ನೆಲಮಂಗಲ, ದೊಡ್ಡಬಳ್ಳಾಪುರ ಕಡೆಯ ಇಂಥ ದಿಣ್ಣೆಗಳ ಪಕ್ಕ ಈಗ ಭಾನುವಾರ ಕಾರುಗಳು ನಿಂತಿರುತ್ತವೆ.

ಕೊಂಡವರದ್ದು ಒಂದೇ ಪ್ರಶ್ನೆ: ಇಲ್ಲಿ ಏನು ಹಾಕಬಹುದು? ನರ್ಸರಿಯವರು ಮಾವು ಅನ್ನುತ್ತಾರೆ. ಯೂಟ್ಯೂಬ್ ನೋಡಿದ ಗೆಳೆಯ ಶ್ರೀಗಂಧ ಅನ್ನುತ್ತಾನೆ. ಪಕ್ಕದ ಹೊಲದ ಅಜ್ಜ "ಸುಮ್ನೆ ಹುರಳಿ ಚೆಲ್ಲಿ ಸಾರ್" ಅಂದುಬಿಡುತ್ತಾರೆ. ಮೂವರೂ ಸರಿ ಇರಬಹುದು, ಮೂವರೂ ತಪ್ಪಿರಬಹುದು. ಗರಸು ಅನ್ನುವುದು ಒಂದೇ ಬಗೆಯ ಮಣ್ಣಲ್ಲ. ಅದು ಎಷ್ಟಿದೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಎಲ್ಲಿದೆ, ಅದರ ಕೆಳಗೆ ಏನಿದೆ ಅನ್ನುವುದನ್ನು ನೋಡುವವರು ಕಡಿಮೆ. ನನ್ನ ಲೆಕ್ಕದಲ್ಲಿ ಈ ಎರಡನೆಯದೇ ಬೆಳೆಯನ್ನು ತೀರ್ಮಾನಿಸುತ್ತದೆ.

ಮೊದಲು ಗುಂಡಿ, ಆಮೇಲೆ ನರ್ಸರಿ

ಜಮೀನಿನ ಮೇಲ್ಭಾಗ, ನಡು, ಕೆಳಭಾಗ ಹೀಗೆ ಮೂರು ಕಡೆ ಒಂದೊಂದು ಗುಂಡಿ ತೋಡಿಸಿ. ಆಳ ಒಂದು ಮೀಟರ್ ಇರಲಿ. ಅದಕ್ಕೂ ಮೊದಲೇ ಹಾರೆ ನಿಂತರೆ ಅಲ್ಲಿಗೆ ಬಿಡಿ. ಹಾರೆ ನಿಂತ ಆಳವೇ ನಿಮಗೆ ಬೇಕಾದ ಮೊದಲ ಅಂಕಿ. ಮಣ್ಣು ಸಮೀಕ್ಷೆಯವರು 25 ಸೆಂ.ಮೀ. ಒಳಗೆ ಬಂಡೆ ಅಥವಾ ಗಟ್ಟಿ ಪದರ ಸಿಕ್ಕರೆ ತೀರಾ ತೆಳು ಅನ್ನುತ್ತಾರೆ. 25ರಿಂದ 50 ಸೆಂ.ಮೀ. ತೆಳು, 50ರಿಂದ 75 ಅಷ್ಟಾಗಿ ಆಳವಿಲ್ಲದ್ದು, 75ರಿಂದ 100 ಸುಮಾರಾದ ಆಳ, ಅದರ ಮೇಲೆ ಆಳದ ಮಣ್ಣು.

ಎರಡನೆಯ ಅಂಕಿ ಗರಸಿನ ಪ್ರಮಾಣ. 2 ಮಿ.ಮೀ.ಗಿಂತ ದಪ್ಪ, 7.5 ಸೆಂ.ಮೀ.ಗಿಂತ ಸಣ್ಣ ಕಲ್ಲಿನ ಚೂರೆಲ್ಲ ಗರಸು. ಅದಕ್ಕಿಂತ ದೊಡ್ಡದು ಕಲ್ಲು, ಗುಂಡು. ಮಣ್ಣಿನ ಗಾತ್ರದಲ್ಲಿ 15 ಶೇಕಡಾಕ್ಕಿಂತ ಕಡಿಮೆ ಗರಸಿದ್ದರೆ ಲೆಕ್ಕಕ್ಕಿಲ್ಲ. 15ರಿಂದ 35 ಇದ್ದರೆ ಗರಸು ಮಣ್ಣು, 35ರಿಂದ 60 ಇದ್ದರೆ ಬಹಳ ಗರಸು, 60 ದಾಟಿದರೆ ಅದು ಮಣ್ಣು ಬೆರೆತ ಜಲ್ಲಿ ಅಂದುಕೊಳ್ಳಿ.

ಅಳೆಯಲು ಪ್ರಯೋಗಾಲಯ ಬೇಡ. ಗುಂಡಿಯ ಗೋಡೆಯಿಂದ ಪ್ರತಿ ಒಂದಡಿಗೆ ಒಂದು ಬಕೆಟ್ ಮಣ್ಣು ಕೆರೆದು ತೆಗೆಯಿರಿ. ಒಣಗಿಸಿ, ಹೆಂಟೆ ಪುಡಿ ಮಾಡಿ, ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಮೇಲೆ ಉಳಿದ ಕಲ್ಲನ್ನೂ ಕೆಳಗೆ ಬಿದ್ದ ಮಣ್ಣನ್ನೂ ಬೇರೆ ಬೇರೆ ತೂಗಿ. ಇಲ್ಲೊಂದು ಎಚ್ಚರ ಬೇಕು. ತೂಕದ ಶೇಕಡಾ ಬೇರೆ, ಗಾತ್ರದ ಶೇಕಡಾ ಬೇರೆ. ಕಲ್ಲು ಭಾರ, ಮಣ್ಣು ಹಗುರ. ತೂಕದಲ್ಲಿ 30 ಶೇಕಡಾ ಗರಸಿದ್ದರೆ ಗಾತ್ರದಲ್ಲಿ ಸುಮಾರು 18. ತೂಕದಲ್ಲಿ ಅರ್ಧಕ್ಕರ್ಧ ಇದ್ದರೆ ಗಾತ್ರದಲ್ಲಿ 35ರ ಆಸುಪಾಸು. ತೂಕದಲ್ಲಿ 70 ಇದ್ದರೆ 55. ಅಂದರೆ ಜರಡಿ ಮೇಲಿನ ಕಲ್ಲಿನ ರಾಶಿ ನೋಡಿ ಮೊದಲೇ ಗಾಬರಿ ಬೀಳಬೇಕಿಲ್ಲ.

ನೀರಿನ ಲೆಕ್ಕ

ಗರಸು ನೆಲದ ನಿಜವಾದ ಸಮಸ್ಯೆ ಕಲ್ಲಲ್ಲ, ನೀರು. ಕಲ್ಲು ನೀರು ಹಿಡಿಯುವುದಿಲ್ಲ. ಕಲ್ಲು ಎಷ್ಟು ಜಾಗ ತಿನ್ನುತ್ತದೋ ಅಷ್ಟು ಜಾಗದ ನೀರು ನಮಗೆ ನಷ್ಟ.

ಗರಸಿಲ್ಲದ ಕೆಂಪು ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ಸಿಗುವಂಥ ಸುಮಾರು 100 ಮಿ.ಮೀ. ನೀರು ಹಿಡಿಯುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳೆದು ನಿಂತ ಪೈರು ದಿನಕ್ಕೆ 5 ಮಿ.ಮೀ. ಬಳಸುತ್ತದೆ ಅಂದುಕೊಂಡರೆ, ಒಂದು ಒಳ್ಳೇ ಮಳೆ ಬಿದ್ದ ಮೇಲೆ 20 ದಿನ ತಳ್ಳಬಹುದು. ಈಗ ಅದೇ ಕೆಂಪು ಮಣ್ಣು 50 ಸೆಂ.ಮೀ. ಮಾತ್ರ ಇದೆ, ಅದರಲ್ಲಿ 40 ಶೇಕಡಾ ಗರಸು ಅನ್ನಿ. 100ರ ಅರ್ಧ 50. ಅದರಲ್ಲಿ ಗರಸಿನ ಪಾಲು 20 ಕಳೆದರೆ ಉಳಿದದ್ದು 30 ಮಿ.ಮೀ. ಆರೇ ದಿನ. ಏಳನೇ ದಿನ ಪೈರು ಪೂರ್ತಿ ಒಣಗುವುದಿಲ್ಲ ನಿಜ. ಆದರೆ ಮೂರು ನಾಲ್ಕನೇ ದಿನಕ್ಕೇ ಎಲೆ ಮಧ್ಯಾಹ್ನ ಸುರುಳಿ ಸುತ್ತಲು ಶುರು ಮಾಡಿರುತ್ತದೆ.

ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿ.ಮೀ.ಗೆ ಸ್ವಲ್ಪ ಕಡಿಮೆ. ಕೇಳಲು ದೊಡ್ಡ ಮೊತ್ತವೇ. ಆದರೆ ಅದು ಮೇ ತಿಂಗಳಲ್ಲಿ ಒಂದು ಸಲ ಏರಿ, ಜೂನ್ ಜುಲೈನಲ್ಲಿ ಮೋಡ ಕಟ್ಟಿ ಹನಿ ಹಾಕಿ ಹೋಗಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರಾಗಿ ಸುರಿಯುತ್ತದೆ. ನಡುವೆ ಹತ್ತು ಹದಿನೈದು ದಿನ ಮಳೆ ಕೈಕೊಡುವುದು ಮಾಮೂಲು. ಆಳದ ಮಣ್ಣಿನಲ್ಲಿ ಆ ಅಂತರ ಗೊತ್ತೇ ಆಗುವುದಿಲ್ಲ. ಆರು ದಿನದ ಮಣ್ಣಿನಲ್ಲಿ ಅದೇ ಬರಗಾಲ. ಒಂದೇ ಊರು, ಒಂದೇ ಮಳೆ, ಬದುವಿನ ಆಚೆ ಪೈರು ಹಸಿರು, ಈಚೆ ಬಾಡಿದ್ದು. ಕಾರಣ ಇಷ್ಟೇ.

ಗೊಬ್ಬರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ, ಆದರೆ ಯಾರೂ ಹೇಳುವುದಿಲ್ಲ. ಮಣ್ಣು ಪರೀಕ್ಷೆಗೆ ಕೊಟ್ಟಾಗ ಪ್ರಯೋಗಾಲಯದವರು ಗರಸನ್ನು ಜರಡಿ ಹಿಡಿದು ಎಸೆದು, ಉಳಿದ ಸಣ್ಣ ಮಣ್ಣನ್ನು ಮಾತ್ರ ಪರೀಕ್ಷಿಸುತ್ತಾರೆ. ವರದಿಯಲ್ಲಿ ಪೊಟ್ಯಾಷ್ ಮಧ್ಯಮ ಅಂತ ಬಂದರೆ ಅದು ಆ ಸಣ್ಣ ಮಣ್ಣಿನ ಮಾತು. 40 ಶೇಕಡಾ ಗರಸಿರುವ ಹೊಲದಲ್ಲಿ ಎಕರೆಗೆ ನಿಜವಾಗಿ ಇರುವುದು ವರದಿಯ ಲೆಕ್ಕದ ಮುಕ್ಕಾಲಿಗಿಂತಲೂ ಕಡಿಮೆ. ಹಾಗಂತ ಯೂರಿಯಾ ಜಾಸ್ತಿ ಸುರಿಯಬೇಡಿ. ಅದು ಮುಂದಿನ ಮಳೆಗೆ ಕೆಳಗೆ ಇಳಿದುಹೋಗುತ್ತದೆ. ಒಂದೇ ಸಲ ಕೊಡುವುದನ್ನು ಮೂರು ಸಲ ಮಾಡಿ ಕೊಡಿ. ಕೊಟ್ಟಿಗೆ ಗೊಬ್ಬರ ಸಿಕ್ಕಷ್ಟೂ ಬೇಕು.

ನಿಮ್ಮದು ಯಾವ ಗರಸು?

ಬೆಂಗಳೂರಿನ ಅಡಿಪಾಯ ನೈಸ್ (gneiss) ಅನ್ನುವ ಜಾತಿಯ ಬಂಡೆ. ಲಾಲ್‌ಬಾಗ್‌ನಲ್ಲಿ ಸಂಜೆ ಜನ ಹತ್ತಿ ಕೂರುವ ಬಂಡೆ ಇದೇ ಜಾತಿ, ಸುಮಾರು 300 ಕೋಟಿ ವರ್ಷ ಹಳೆಯದು. ಈ ಬಂಡೆ ಕರಗಿ ಕೆಂಪು ಮಣ್ಣಾಗುವಾಗ ಅದರೊಳಗಿನ ಬೆಣಚುಕಲ್ಲು ಮಾತ್ರ ಕರಗದೆ ಉಳಿಯಿತು. ನಮ್ಮ ಕಡೆಯ ದಿಣ್ಣೆಗಳಲ್ಲಿ ಹೆಚ್ಚು ಕಾಣುವುದು ಈ ಬಿಳಿ ಚೂರುಗಳ ಗರಸು. ಎಷ್ಟೋ ಕಡೆ ಇದು ಒಂದೂವರೆ ಎರಡಡಿ ಆಳದಲ್ಲಿ ಪಟ್ಟಿಯ ಹಾಗೆ ಕೂತಿರುತ್ತದೆ. ಪಟ್ಟಿ ದಾಟಿದರೆ ಕೆಳಗೆ ಮತ್ತೆ ಮೆತ್ತಗಿನ ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಬಂಡೆ. ಇಂಥ ನೆಲ ಮರಕ್ಕೆ ಒಳ್ಳೆಯದು. ಬೇರು ಒಮ್ಮೆ ಪಟ್ಟಿ ದಾಟಿದರೆ ಆಮೇಲೆ ಅದರ ಪಾಡು ಅದು ನೋಡಿಕೊಳ್ಳುತ್ತದೆ.

ದೇವನಹಳ್ಳಿ, ಹೊಸಕೋಟೆ ಕಡೆಯ ಎತ್ತರದ ಬಯಲುಗಳಲ್ಲಿ ಇನ್ನೊಂದು ಬಗೆ ಸಿಗುತ್ತದೆ: ಜಂಬಿಟ್ಟಿಗೆ ಗರಸು. ಕಡುಗೆಂಪು ಅಥವಾ ಕಂದು ಬಣ್ಣದ ಗುಂಡು ಗುಂಡಾದ ಕಲ್ಲು, ಒಡೆದರೆ ಒಳಗೆ ತುಕ್ಕಿನ ಬಣ್ಣ. ಅದರಲ್ಲಿರುವುದು ಕಬ್ಬಿಣ. ಈ ಮಣ್ಣು ಹುಳಿ ಕಡೆಗೆ ವಾಲಿರುತ್ತದೆ. ಹಾಕಿದ ರಂಜಕವನ್ನು ಕಬ್ಬಿಣವೇ ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡದೆ ಸತಾಯಿಸುತ್ತದೆ. ಸೂಪರ್ ಫಾಸ್ಫೇಟನ್ನು ಎರಚುವ ಬದಲು ಗೊಬ್ಬರದ ಜೊತೆ ಬೆರೆಸಿ ಬೇರಿನ ಹತ್ತಿರ ಸಾಲಿಗೆ ಕೊಡಬೇಕು. ಇದಕ್ಕಿಂತ ಮುಖ್ಯ ಇನ್ನೊಂದಿದೆ. ಗುಂಡುಗಳು ಬಿಡಿಬಿಡಿಯಾಗಿವೆಯೋ, ಒಂದಕ್ಕೊಂದು ಅಂಟಿಕೊಂಡು ಹಾಸಾಗಿವೆಯೋ ನೋಡಿ. ಹಾಸಾಗಿದ್ದರೆ ಬೇರು ಅದನ್ನು ದಾಟುವುದಿಲ್ಲ, ಮಳೆಗಾಲದಲ್ಲಿ ನೀರೂ ಇಳಿಯುವುದಿಲ್ಲ. ಮೇಲೆ ನೋಡಿದರೆ ಬೇಗ ಒಣಗುವ ಗರಸು, ಕೆಳಗೆ ನಿಂತ ನೀರು. ಎರಡೂ ತೊಂದರೆ ಒಂದೇ ಗುಂಡಿಯಲ್ಲಿ.

ಮೂರನೆಯದು ಗುಡ್ಡದ ಬುಡದ್ದು. ರಾಮನಗರ, ಶಿವಗಂಗೆ, ಮಾಗಡಿ ಬೆಟ್ಟಗಳ ಸುತ್ತ. ಮೂಲೆ ಮೂಲೆಯಾದ ಒರಟು ಚೂರು, ಇಳಿಜಾರು ಜಾಸ್ತಿ, ಅಲ್ಲಲ್ಲಿ ಬಂಡೆ ತಲೆ ಎತ್ತಿರುತ್ತದೆ. ಒಂದು ಗುಂಡಿಯಲ್ಲಿ ಮೂರಡಿ ಸಿಕ್ಕರೆ ಹತ್ತು ಹೆಜ್ಜೆ ಆಚೆ ಒಂದಡಿಗೆ ಬಂಡೆ. ಇಲ್ಲಿ ಮೂರು ಗುಂಡಿ ಸಾಲದು. ಪ್ರತಿ ಗಿಡದ ಜಾಗವನ್ನೂ ಹಾರೆ ಹಾಕಿ ನೋಡಬೇಕು.

ಇದಲ್ಲದೆ ಊರಂಚಿನಲ್ಲಿ ಹೊಸದಾಗಿ ಒಂದು "ಗರಸು" ಹುಟ್ಟಿಕೊಂಡಿದೆ. ಕಟ್ಟಡ ಒಡೆದ ಇಟ್ಟಿಗೆ, ಕಾಂಕ್ರೀಟು, ಟೈಲ್ಸ್ ಚೂರು ಸುರಿದು ಮೇಲೆ ಕೆಂಪು ಮಣ್ಣು ಹೊದಿಸಿದ್ದು. ಅದಕ್ಕೆ ಈ ಲೇಖನ ಉಪಯೋಗಕ್ಕೆ ಬಾರದು.

ಮಳೆ ನಂಬಿದ ಬೆಳೆ: ಅಜ್ಜನ ಮಾತಿಗೆ ಬೆಲೆ ಇದೆ

50 ಸೆಂ.ಮೀ.ಗಿಂತ ತೆಳು ನೆಲ, 35 ಶೇಕಡಾ ಮೇಲೆ ಗರಸು, ಬೋರ್‌ವೆಲ್ ಇಲ್ಲ. ಹೀಗಿದ್ದರೆ ಹುರಳಿಯನ್ನು ಮೀರಿಸುವ ಬೆಳೆ ಕಡಿಮೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಚೆಲ್ಲಿದರೆ ಹಿಂಗಾರು ಮಳೆಯ ಮೇಲೆ ಬಂದುಬಿಡುತ್ತದೆ, ಗೊಬ್ಬರ ಕೇಳುವುದಿಲ್ಲ, ನೆಲ ಮುಚ್ಚುತ್ತದೆ. ಹುಚ್ಚೆಳ್ಳು, ಹಾರಕ, ಸಾಮೆ ಕೂಡ ಇದೇ ಸಾಲಿನವು. ಹಾರಕ ಅಂತೂ ಕಲ್ಲು ನೆಲಕ್ಕೇ ಹೇಳಿ ಮಾಡಿಸಿದ್ದು.

ರಾಗಿ ನಡುವಿನ ಆಯ್ಕೆ. ಗರಸು 35 ಶೇಕಡಾ ಒಳಗಿದ್ದು ಎರಡಡಿ ಮಣ್ಣಿದ್ದರೆ ಧೈರ್ಯವಾಗಿ ಹಾಕಬಹುದು. ಅದಕ್ಕಿಂತ ತೆಳುವಾದರೆ ಹಾಕುವವರೂ ಇದ್ದಾರೆ, ಆದರೆ ತೆನೆ ಹಾಲು ತುಂಬುವ ಹೊತ್ತಿಗೆ ಮಳೆ ತಪ್ಪಿದರೆ ಸಿಗುವುದು ಹುಲ್ಲು ಮಾತ್ರ. ಹಸು ಇದ್ದವರಿಗೆ ಅದೂ ನಷ್ಟವಲ್ಲ ಅನ್ನಿ. ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿಟ್ಟ ಸಾಲಿನಲ್ಲಿ, ತೊಗರಿ, ಅವರೆ, ಹರಳು ಹಾಕುವ ಹಳೇ ಪದ್ಧತಿ ಈ ನೆಲಕ್ಕೆ ಇವತ್ತಿಗೂ ಸರಿ. ರಾಗಿ ಕೈಕೊಟ್ಟ ವರ್ಷ ಬೇರು ಆಳಕ್ಕಿಳಿದ ತೊಗರಿ, ಹರಳು ಉಳಿಯುತ್ತವೆ.

ಕಡಲೆಕಾಯಿಗೆ ನಾನು ಬೇಡ ಅನ್ನುತ್ತೇನೆ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಅದು ಚೆನ್ನ, ಗರಸಿಗಲ್ಲ. ಹೂವಿನಿಂದ ಹೊರಟು ನೆಲದೊಳಗೆ ಕಾಯಿ ಕಟ್ಟುವ ಸೂಜಿ ಕಲ್ಲಿನ ಮಧ್ಯೆ ಮಣ್ಣಿಗಿಳಿಯುವುದು ಕಷ್ಟ. ಕೀಳುವಾಗ ನೆಲ ಒಣಗಿದ್ದರೆ ಗಿಡ ಕೈಗೆ ಬರುತ್ತದೆ, ಕಾಯಿ ನೆಲದಲ್ಲೇ ಉಳಿಯುತ್ತದೆ. ಮೂಲಂಗಿ, ಕ್ಯಾರೆಟ್ ಕವಲೊಡೆಯುತ್ತವೆ. ಸಂತೆಯಲ್ಲಿ ಅವನ್ನು ಕೊಳ್ಳುವವರಿಲ್ಲ.

ಹಣ್ಣಿನ ಮರ: ಮಾವೊಂದೇ ಅಲ್ಲ

ಜಮೀನು ಕೊಂಡ ಹತ್ತರಲ್ಲಿ ಎಂಟು ಜನ ಮಾವೇ ಹಾಕುತ್ತಾರೆ. ರಾಮನಗರ, ಕೋಲಾರದ ಕೆಂಪು ನೆಲದಲ್ಲಿ ಮಾವಿನ ತೋಪು ನೋಡಿ ಬೆಳೆದವರು ನಾವು, ಆಸೆ ಸಹಜ. ಆದರೆ ಮಾವಿಗೆ ಬೇಕಾದದ್ದು ಆಳ. ಗರಸಿದ್ದರೂ ಚಿಂತಿಲ್ಲ, ಬೇರು ಒಂದೂವರೆ ಮೀಟರ್ ಇಳಿಯುವ ಹಾಗಿದ್ದರೆ ಸಾಕು. ಬೆಣಚುಕಲ್ಲಿನ ಪಟ್ಟಿ, ಅದರ ಕೆಳಗೆ ಕೊಳೆತ ಬಂಡೆ ಇರುವ ಜಾಗದಲ್ಲಿ ಮಾವು ಚೆನ್ನಾಗಿ ಬರುತ್ತದೆ. ಎರಡಡಿಗೆ ಗಟ್ಟಿ ಹಾಸು ಸಿಕ್ಕಿದ ಜಾಗದಲ್ಲಿ ಮೊದಲ ಕೆಲವು ವರ್ಷ ಗಿಡ ಸೊಂಪಾಗಿಯೇ ಇರುತ್ತದೆ. ಅಷ್ಟೇ. ಆಮೇಲೆ ಕೊಂಬೆ ತುದಿಯಿಂದ ಒಣಗುತ್ತ ಬರುತ್ತದೆ. ಆಗ ರೋಗ ಅಂತ ಔಷಧಿ ಹೊಡೆಯುತ್ತಾರೆ.

ಇದಕ್ಕೆ ಗುಂಡಿ ತೋಡುವ ರೀತಿಯೂ ಕಾರಣ. ಮೂರಡಿ ಚೌಕದ ಗುಂಡಿ ತೆಗೆದು, ಗರಸನ್ನೆಲ್ಲ ಹೊರಗೆ ಹಾಕಿ, ಒಳ್ಳೇ ಮಣ್ಣು, ಗೊಬ್ಬರ ತುಂಬಿ ನೆಡುವುದು ಎಲ್ಲರೂ ಹೇಳುವ ಕ್ರಮ. ಗಟ್ಟಿ ಹಾಸಿನಲ್ಲಿ ಹೀಗೆ ಮಾಡಿದರೆ ನೆಲದೊಳಗೆ ಒಂದು ಹೂವಿನ ಕುಂಡ ಮಾಡಿಟ್ಟ ಹಾಗಾಗುತ್ತದೆ. ಬೇರು ಗುಂಡಿಯೊಳಗೇ ಸುತ್ತುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಗುಂಡಿ ತೋಡಿದ ಮೇಲೆ ಒಂದು ಸಲ ಪೂರ್ತಿ ನೀರು ತುಂಬಿಸಿ. ಮಾರನೇ ದಿನಕ್ಕೂ ನೀರು ನಿಂತಿದ್ದರೆ ಅಲ್ಲಿ ಮಾವು ಬೇಡ. ನೀರು ಇಂಗಿದ್ದರೂ ಗುಂಡಿ ತುಂಬುವಾಗ ತೆಗೆದ ಮಣ್ಣನ್ನೇ ಅರ್ಧದಷ್ಟು ಬೆರೆಸಿ. ಬೇರಿಗೆ ಹೊರಗಿನ ಮಣ್ಣಿನ ಪರಿಚಯ ಬೇಗ ಆಗಲಿ.

ಆಳ ಸಾಲದ ಕಡೆ ಸೀತಾಫಲ ನನ್ನ ಮೊದಲ ಆಯ್ಕೆ. ಬಂಡೆ ಸಂದಿಯಲ್ಲೂ ತಾನಾಗಿ ಬೆಳೆಯುವ ಗಿಡ ಅದು. ಒಂದೂವರೆ ಅಡಿ ಮಣ್ಣಿದ್ದರೂ ನಡೆಯುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ಸಹನ್ ತಳಿಯ ಹಣ್ಣು ದಪ್ಪ, ಬೀಜ ಕಡಿಮೆ. ಆದರೆ ಒಳ್ಳೇ ಕಾಯಿ ಬೇಕಾದರೆ ಬೇಸಿಗೆಯಲ್ಲಿ ಸ್ವಲ್ಪವಾದರೂ ನೀರು ಕೊಡಬೇಕು. ಬೆಟ್ಟದ ನೆಲ್ಲಿ ಕೂಡ ಗರಸಿಗೆ ಒಗ್ಗುತ್ತದೆ. ಹುಣಸೆಗೆ ತಾಳ್ಮೆ ಬೇಕು, ನೀರು ಬೇಡ. ಕಸಿ ಗಿಡ ಹಾಕಿದರೆ ಬೀಜದ ಗಿಡಕ್ಕಿಂತ ಬೇಗ ಫಲ ಕೊಡುತ್ತದೆ. ಬದುವಿನ ಮೇಲೆ ನಾಲ್ಕು ಹುಣಸೆ ಇಟ್ಟರೆ ಮೊಮ್ಮಕ್ಕಳ ಕಾಲದವರೆಗೆ ಕೇಳುವಂತಿಲ್ಲ.

ಗೋಡಂಬಿ ಕರಾವಳಿಯದ್ದು ಅಂತ ನಾವು ಅಂದುಕೊಂಡಿದ್ದೇವೆ. ಚಿಂತಾಮಣಿಯಲ್ಲಿ ಗೋಡಂಬಿ ಸಂಶೋಧನೆ ನಡೆದು, ಚಿಂತಾಮಣಿ-1 ಅನ್ನುವ ತಳಿಯೇ ಬಂದಿದೆ. ಜಂಬಿಟ್ಟಿಗೆ ಗರಸಿಗೆ ಮಾವಿಗಿಂತ ಇದು ಹೊಂದುತ್ತದೆ. ಹಲಸು? ದೊಡ್ಡಬಳ್ಳಾಪುರದ ತೂಬಗೆರೆ ಕಡೆಯ ಹಲಸಿನ ರುಚಿ ಗೊತ್ತಿದ್ದವರು ಹಾಕದೆ ಬಿಡಲಾರರು. ಅದಕ್ಕೂ ಮಾವಿನಷ್ಟೇ ಆಳ ಬೇಕು, ನೀರು ನಿಲ್ಲಲೇಬಾರದು. ದೇವನಹಳ್ಳಿ ಚಕ್ಕೋತ ಅಂತೂ ತೋಟದ ಗಿಡ. ದಿಣ್ಣೆಯ ಗರಸಿಗೆ ತಂದು ಅದನ್ನು ಗೋಳು ಹುಯ್ದುಕೊಳ್ಳಬೇಡಿ.

ದ್ರಾಕ್ಷಿ, ಗುಲಾಬಿ, ತರಕಾರಿ

ಇವೆಲ್ಲ ನೀರಿದ್ದವರ ಮಾತು. ಬೆಂಗಳೂರು ನೀಲಿ ದ್ರಾಕ್ಷಿ ಇದೇ ಕೆಂಪು ನೆಲದ ಬೆಳೆ, ನೀರು ಬಸಿದುಹೋಗುವ ಗುಣ ಅದಕ್ಕೆ ಇಷ್ಟ. ಅಷ್ಟರ ಮಟ್ಟಿಗೆ ಗರಸು ಅನುಕೂಲವೇ. ಆದರೆ ಬೋರ್‌ವೆಲ್ ಬತ್ತಿದ ದಿನ ಗರಸಿನ ತೋಟ ಬೇರೆಯವರ ತೋಟಕ್ಕಿಂತ ಮೊದಲು ಸಾಯುತ್ತದೆ. ಹನಿ ನೀರಾವರಿ ಹಾಕುವವರು ಒಂದು ಗಮನಿಸಿ: ಗರಸಿನಲ್ಲಿ ನೀರು ಅಗಲಕ್ಕೆ ಹರಡುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಗಂಟೆಗೆ 4 ಲೀಟರಿನ ಒಂದು ಡ್ರಿಪ್ಪರ್ ಬದಲು 2 ಲೀಟರಿನ ಎರಡು ಇಡಿ. ವಾರಕ್ಕೊಮ್ಮೆ ಮೂರು ಗಂಟೆ ಬಿಡುವ ಬದಲು ದಿನ ಬಿಟ್ಟು ದಿನ ಸ್ವಲ್ಪ ಹೊತ್ತು ಬಿಡಿ. ಡ್ರ್ಯಾಗನ್ ಫ್ರೂಟ್ ಬೇರು ಮೇಲೆಯೇ ಇರುತ್ತದೆ, ಗರಸಿಗೆ ಸರಿಹೋಗುತ್ತದೆ. ಖರ್ಚೆಲ್ಲ ಸಿಮೆಂಟ್ ಕಂಬಕ್ಕೆ.

ಕಾಡು ಮರ: ನೀಲಗಿರಿ, ಹೆಬ್ಬೇವು, ಶ್ರೀಗಂಧ

ಒಂದು ಕಾಲದಲ್ಲಿ ಗರಸು ನೆಲ ಅಂದರೆ ನೀಲಗಿರಿ ಅಂತಲೇ ಅರ್ಥ. ಹೊಸಕೋಟೆಯಿಂದ ಕೋಲಾರದವರೆಗೆ ರಸ್ತೆಯ ಎರಡೂ ಕಡೆ ಅದೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ನಿಮಗೆ ಸಿಗುವುದು ನೀಲಗಿರಿ ಕಡಿದ ಜಮೀನು. ಬೊಡ್ಡೆ ತೆಗೆಸುವ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಜೆಸಿಬಿ ಬೊಡ್ಡೆ ಕೀಳುವಾಗ ಕೆಳಗಿನ ಗರಸನ್ನೆಲ್ಲ ಮೇಲಕ್ಕೆ ತಂದು ಹರಡುತ್ತದೆ. ಇರುವ ಅರ್ಧ ಅಡಿ ಒಳ್ಳೇ ಮಣ್ಣು ಅದರಡಿ ಹೂತುಹೋಗುತ್ತದೆ. ಕೆಲಸಕ್ಕೆ ಮೊದಲು ಮೇಲ್ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿಸಿ, ಆಮೇಲೆ ವಾಪಸ್ ಹರಡಿಸುವುದಕ್ಕೆ ಡ್ರೈವರ್ ಗೊಣಗುತ್ತಾನೆ. ಗೊಣಗಲಿ ಬಿಡಿ.

ಹೆಬ್ಬೇವು ಬೇಗ ಬೆಳೆಯುತ್ತದೆ ಅಂತ ಮಾರುತ್ತಾರೆ. ಬೆಳೆಯುವುದು ನಿಜ, ಆಳದ ಮಣ್ಣು, ನೀರು ಇದ್ದ ಕಡೆ. ತೆಳು ಗರಸಿನಲ್ಲಿ ಕೋಲಿನ ಹಾಗೆ ನಿಲ್ಲುತ್ತದೆ.

ಶ್ರೀಗಂಧದ ವಿಷಯ ಬೇರೆ. ಬಸಿದುಹೋಗುವ ಕೆಂಪು ಗರಸು ಅದರ ಸ್ವಂತ ಮನೆ. ನೀರು ನಿಲ್ಲುವ ಕಪ್ಪು ಮಣ್ಣಿಗಿಂತ ಇಲ್ಲೇ ಚೆನ್ನ. 2001ರ ತಿದ್ದುಪಡಿಯ ನಂತರ ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಜಮೀನಿನವರೇ ಒಡೆಯರು. ಹಾಗಂತ ಎಕರೆಗೆ ಇಷ್ಟು ಕೋಟಿ ಅಂತ ಲೆಕ್ಕ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಗಂಧ ಅರೆ ಪರಾವಲಂಬಿ, ಬೇರೆ ಗಿಡದ ಬೇರಿನಿಂದಲೂ ಹೀರಿಕೊಂಡು ಬದುಕುತ್ತದೆ. ಪಕ್ಕದಲ್ಲಿ ಆಸರೆ ಗಿಡ ಇಲ್ಲದೆ ಏಳುವುದಿಲ್ಲ. ಮೊದಲು ತೊಗರಿ, ಆಮೇಲೆ ನೆಲ್ಲಿ, ಸರ್ವೆಯಂಥ ಬಹುಕಾಲದ ಗಿಡ ಬೇಕು. ಚೇಗು (ಕಾಂಡದ ಒಳಗಿನ ಪರಿಮಳದ ತಿರುಳು) ಕಟ್ಟಲು ಹದಿನೈದು ವರ್ಷವಾದರೂ ಕಾಯಬೇಕು, ಅದರ ಕೊನೇ ವರ್ಷಗಳೆಲ್ಲ ಕಳ್ಳರ ಭಯ. ಜಮೀನಿನಲ್ಲೇ ಯಾರಾದರೂ ವಾಸ ಇರುವವರಿಗೆ ಗಂಧ ಸರಿ. ತಿಂಗಳಿಗೊಮ್ಮೆ ಜಯನಗರದಿಂದ ಬಂದು ಹೋಗುವವರಿಗೆ ನಾನಂತೂ ಹೇಳುವುದಿಲ್ಲ. ಹಾಕಲೇಬೇಕು ಅನ್ನುವವರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ.

ಒಂದಡಿಗೂ ಕಡಿಮೆ ಮಣ್ಣು, ಇಳಿಜಾರೂ ಇದ್ದರೆ ಮೇವು ಬಿಟ್ಟು ಬೇರೆ ಯೋಚನೆ ಬೇಡ. ಸ್ಟೈಲೋ ಬೀಜ ಎರಚಿ, ಬದುವಿನ ಮೇಲೆ ಗ್ಲಿರಿಸಿಡಿಯಾ ಹಾಕಿ. ಭೂ ಸಾಮರ್ಥ್ಯದ ವರ್ಗೀಕರಣದಲ್ಲಿ ಒಂದರಿಂದ ನಾಲ್ಕನೇ ವರ್ಗದವರೆಗೆ ಉಳುಮೆಗೆ, ಐದರಿಂದ ಎಂಟು ಉಳುಮೆಗಲ್ಲ. ಇಂಥ ನೆಲ ಸಾಮಾನ್ಯವಾಗಿ ಆರನೇ ವರ್ಗಕ್ಕೆ ಬೀಳುತ್ತದೆ. ಉತ್ತು ಬೆಳೆ ಹಾಕಿದರೆ ಮಣ್ಣು ಕೊಚ್ಚಿಹೋಗುವುದೇ ಹೆಚ್ಚು.

ನೆಲವನ್ನೇ ಬದಲಿಸಿದರೆ?

ಗರಸು ಆರಿಸಿ ತೆಗೆಸುತ್ತೇನೆ ಅನ್ನುವವರಿದ್ದಾರೆ. ಮುಷ್ಟಿಗಿಂತ ದೊಡ್ಡ ಕಲ್ಲು ಆರಿಸಿ, ಬದುವಿಗೆ ಪೇರಿಸಿ. ಸಣ್ಣ ಗರಸು ಇರಲಿ. ಮೇಲೆ ಹರಡಿದ ಗರಸು ಮಳೆಹನಿಯ ಏಟು ತಡೆಯುತ್ತದೆ, ಬಿಸಿಲಿಗೆ ತೇವ ಆರುವುದನ್ನು ನಿಧಾನ ಮಾಡುತ್ತದೆ. ಅದನ್ನೆಲ್ಲ ತೆಗೆಸಿದರೆ ಮುಂದಿನ ಮಳೆಗೆ ಮಣ್ಣೇ ಹೋಗುತ್ತದೆ.

ಹೊರಗಿನ ಮಣ್ಣು ತಂದು ಹಾಕುವುದು ಎಷ್ಟು ದೊಡ್ಡ ಕೆಲಸ ಅಂತ ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ಹರಡಲು 100 ಘನ ಮೀಟರಿಗಿಂತ ಜಾಸ್ತಿ ಮಣ್ಣು ಬೇಕು. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಘನ ಮೀಟರ್ ಅಂದರೂ ಮೂವತ್ತು ಲೋಡ್ ಮೇಲಾಯಿತು. ಅಷ್ಟಕ್ಕೆ ಸಿಗುವುದು ಒಂದು ಇಂಚು! ಹಾಗಾಗಿ ಕೆರೆ ಹೂಳು ಸಿಕ್ಕರೆ ಎಲ್ಲ ಕಡೆ ಹರಡದೆ ಗಿಡದ ಪಾತಿಗೆ ಮಾತ್ರ ಹಾಕಿ. ನಮ್ಮೂರ ಕೆರೆಗೋಡು ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚರಂಡಿ ನೀರು, ಫ್ಯಾಕ್ಟರಿ ನೀರು ಸೇರಿದ ನಗರದ ಕೆರೆಗಳ ಹೂಳನ್ನು ಭಾರಲೋಹದ ಪರೀಕ್ಷೆ ಮಾಡಿಸದೆ ತರಬೇಡಿ.

ಸಮತಟ್ಟು ಮಾಡಿಸುವುದು ಇನ್ನೂ ದೊಡ್ಡ ಅನಾಹುತ. ಇಳಿಜಾರಿನ ಮೇಲ್ಭಾಗ ಕತ್ತರಿಸಿ ಕೆಳಗೆ ತುಂಬಿದರೆ ನೋಡಲು ಲಕ್ಷಣವಾಗಿರುತ್ತದೆ. ಕತ್ತರಿಸಿದ ಅರ್ಧದಲ್ಲಿ ಬರೀ ಗರಸು ಬಯಲಾಗಿ ಹುಲ್ಲೂ ಹುಟ್ಟುವುದಿಲ್ಲ. ತುಂಬಿದ ಅರ್ಧದಲ್ಲಿ ಮಾತ್ರ ಬೆಳೆ. ಒಂದು ಎಕರೆ ಕೊಂಡು ಅರ್ಧ ಎಕರೆ ಮಾಡಿಕೊಂಡ ಹಾಗೆ. ಇಳಿಜಾರಿಗೆ ಅಡ್ಡ ಕಂದಕ ಬದು ಹಾಕಿ, ಸಾಕು.

ಕೃಷಿ ಹೊಂಡ ಈ ನೆಲದಲ್ಲಿ ನೀರು ನಿಲ್ಲಿಸುವುದಿಲ್ಲ. ಪಾಲಿಥೀನ್ ಹಾಸಿದರೆ ಮಾತ್ರ ಹೊಂಡ, ಇಲ್ಲದಿದ್ದರೆ ಇಂಗುಗುಂಡಿ. ಇಂಗುಗುಂಡಿಯೇ ಸಾಕು ಅನ್ನುವವರಿಗೆ ಗರಸಿಗಿಂತ ಒಳ್ಳೇ ನೆಲ ಇಲ್ಲ.

ಮನೆ ಕಟ್ಟುವವರಿಗೆ

ಬೇಸಾಯಕ್ಕೆ ಸಲ್ಲದ ನೆಲ ಮನೆಗೆ ಚೆನ್ನಾಗಿ ಸಲ್ಲುತ್ತದೆ. ಗರಸು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಭಾರ ತಡೆಯುತ್ತದೆ, ಮಳೆಗಾಲದಲ್ಲೂ ಅಂಗಳ ಕೆಸರಾಗುವುದಿಲ್ಲ. ಕಪ್ಪು ಮಣ್ಣಿನ ಊರಿನವರು ಪಾಯಕ್ಕೆ ಪಡುವ ಪಾಡು ಇಲ್ಲಿಲ್ಲ. ಜಮೀನಿನಲ್ಲಿ ಒಂದು ಮೂಲೆಯಲ್ಲಿ ಮನೆ ಬೇಕಿದ್ದರೆ ಅತಿ ಗರಸಿನ, ಅತಿ ತೆಳುವಾದ ಜಾಗವನ್ನೇ ಅದಕ್ಕೆ ಬಿಡಿ. ಒಳ್ಳೇ ಮಣ್ಣಿನ ಮೇಲೆ ಮನೆ ಕಟ್ಟಿ ಗರಸಿನಲ್ಲಿ ಮಾವು ನೆಟ್ಟವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಗೆ ಭೂ ಪರಿವರ್ತನೆ ಮುಂತಾದ ಕಾನೂನಿನ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿ.

ಪಹಣಿಯಲ್ಲಿ ಖರಾಬು ಎಷ್ಟು ತೋರಿಸಿದೆ ಅಂತಲೂ ನೋಡಿ. "ಅ" ಖರಾಬು ಅಂದರೆ ಬಂಡೆ ಮುಂತಾಗಿ ಬೇಸಾಯಕ್ಕೆ ಬಾರದ ಜಾಗ. ಎರಡು ಎಕರೆಯಲ್ಲಿ ಹತ್ತು ಗುಂಟೆ ಖರಾಬಿದ್ದರೆ ಗುಂಡಿ ತೋಡುವ ಮೊದಲೇ ನಿಮಗೊಂದು ಸುಳಿವು ಸಿಕ್ಕಿತು. ಹಲವು ಜಿಲ್ಲೆಗಳಲ್ಲಿ ಸುಜಲಾ-3 ಯೋಜನೆಯಡಿ ಹೆಬ್ಬಾಳದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಕೇಂದ್ರದವರು ಸರ್ವೆ ನಂಬರ್ ಮಟ್ಟದ ನಕ್ಷೆ ಮಾಡಿದ್ದಾರೆ. ಆಳ, ಗರಸು, ಇಳಿಜಾರು, ಯಾವ ಬೆಳೆಗೆ ಎಷ್ಟು ಯೋಗ್ಯ ಎಲ್ಲವೂ ಅದರಲ್ಲಿದೆ. ನಿಮ್ಮ ಊರಿನದು ಆಗಿದ್ದರೆ ಕೇಳಿ ಪಡೆಯಿರಿ.

ಮನೆಯ ಜೊತೆಗೆ ಬರುವ ತೊಂದರೆ ಒಂದೇ, ಶೌಚದ ಗುಂಡಿ. ಗರಸಿನಲ್ಲಿ ಅದು ಎಂದೂ ತುಂಬುವುದಿಲ್ಲ ಅಂತ ಮೇಸ್ತ್ರಿ ಹೆಮ್ಮೆಯಿಂದ ಹೇಳುತ್ತಾನೆ. ತುಂಬದಿರುವುದೇ ಭಯ. ಕೊಳಕು ನೀರು ಸೋಸಿಕೊಳ್ಳಲು ಸಮಯವೇ ಸಿಗದೆ ನೇರ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಗುಂಡಿಯ ತಳವನ್ನು ನೀರು ಇಳಿಯದ ಹಾಗೆ ಮುಚ್ಚಿಸಿ, ಸುತ್ತಲಿಗೆ ಒಂದು ದಪ್ಪ ಪದರ ಸಣ್ಣ ಮರಳು ಹಾಕಿಸಿ. ಬೋರ್‌ವೆಲ್ ಇಳಿಜಾರಿನ ಮೇಲ್ಭಾಗದಲ್ಲಿರಲಿ, ಗುಂಡಿ ಕೆಳಭಾಗದಲ್ಲಿರಲಿ, ಎರಡರ ನಡುವೆ ಜಮೀನು ಕೊಡುವಷ್ಟು ಅಂತರ ಇರಲಿ. ನಿಮ್ಮ ಕೆಳಗಿನ ಜಮೀನಿನವರ ಬೋರ್‌ವೆಲ್ ಎಲ್ಲಿದೆ ಅಂತಲೂ ನೋಡಿಕೊಂಡು ಜಾಗ ಗುರುತು ಮಾಡಿ.